ಪದ ಬೇಕು (ತುರ್ತು): ಆಮದಿನಿಂದ ಕೆಲಸ ಹೋದವರಿಗೆ ಕೊಡುವ ಸಹಾಯ

ಕಾರವಾರದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ವಾಣಿಜ್ಯ ಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಅಮೆರಿಕದ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಯೋಜನೆಯ ಬಗ್ಗೆ. ಹೊರದೇಶದ ಮಾಲು ಬಂದು ಕಾರ್ಖಾನೆ ಮುಚ್ಚಿದರೆ, ಇಲ್ಲವೇ ಆಳು ಕಡಿಮೆ ಮಾಡಿದರೆ, ಕೆಲಸ ಹೋದವರಿಗೆ ಸರ್ಕಾರವೇ ಹೊಸ ಕಸುಬು ಕಲಿಸುತ್ತದೆ. ಕಲಿಯುವಾಗ ಭತ್ಯೆ ಕೊಡುತ್ತದೆ. ಕೆಲಸಕ್ಕಾಗಿ ಊರು ಬಿಡಬೇಕಾದರೆ ಸಾಮಾನು ಸಾಗಿಸುವ ಖರ್ಚಿಗೂ ಕೈಜೋಡಿಸುತ್ತದೆ. ನಾನು 'ವ್ಯಾಪಾರ ಹೊಂದಾಣಿಕೆ ಸಹಾಯ' ಅಂತ ಬರೆದೆ. ಓದಿದ ಹುಡುಗರಿಗೆ ಏನೂ ತಿಳಿಯಲಿಲ್ಲ. 'ಡಿಸ್‌ಪ್ಲೇಸ್ಡ್ ವರ್ಕರ್' ಅನ್ನುವುದಕ್ಕೆ 'ನಿರಾಶ್ರಿತ ಕಾರ್ಮಿಕ' ಆದೀತೇ? ಶೀರ್ಷಿಕೆ ಒಂದೇ ಸಾಲಿನಲ್ಲಿ ಹಿಡಿಯಬೇಕು.

ಅಂಕೋಲೆಯಿಂದ:
'ನಿರಾಶ್ರಿತ' ಬೇಡ ಅಕ್ಕೋರೆ. ನಮ್ಮ ಜಿಲ್ಲೆಯಲ್ಲಿ ಆ ಪದಕ್ಕೆ ಬೇರೆ ವಾರಸುದಾರರಿದ್ದಾರೆ. ಸೀಬರ್ಡ್ ನೌಕಾನೆಲೆಯ ನಿರಾಶ್ರಿತರು, ಕೈಗಾ ಅಣುಸ್ಥಾವರದ ನಿರಾಶ್ರಿತರು. ಮನೆ, ಗದ್ದೆ ಬಿಟ್ಟು ಎದ್ದವರು. ಆ ಅಮೆರಿಕದ ಕಾರ್ಮಿಕನ ಮನೆ ಇದ್ದಲ್ಲೇ ಇದೆ, ಹೋದದ್ದು ಕೆಲಸ. 'ಸಂತ್ರಸ್ತ' ಅಂದರೆ ನೆರೆ ಬಂದ ಊರು ಕಣ್ಣಿಗೆ ಕಟ್ಟುತ್ತದೆ. 'ಪರಿಹಾರ'ವೂ ಬೇಡ. ಅದು ಕಳೆದುಕೊಂಡದ್ದಕ್ಕೆ ಎಣಿಸಿ ಕೊಟ್ಟು ಕೈ ತೊಳೆದುಕೊಳ್ಳುವ ಹಣ. ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ ಕೊಟ್ಟು ಕೆಲಸದಿಂದ ತೆಗೆಯಬೇಕು ಅಂತ ಇತ್ತಲ್ಲ, ಅದು ಪರಿಹಾರ. ಕೊಡುವವನು ಮಾಲೀಕ, ಸರ್ಕಾರ ಅಲ್ಲ.

ಶಿರಸಿಯಿಂದ:
ತಪ್ಪು 'ಆಮದು' ಅನ್ನುವಲ್ಲೇ ಶುರುವಾಗಿದೆ. ಪಾರ್ಸಿಯಲ್ಲಿ 'ಆಮದ್' ಅಂದರೆ ಬಂತು, 'ರಫ್ತ್' ಅಂದರೆ ಹೋಯಿತು. ಬಂತು, ಹೋಯಿತು ಅನ್ನಲು ಕನ್ನಡಿಗರಿಗೆ ಪಾರ್ಸಿ ಬೇಕೇ? 'ಒಳತರವು' ಅನ್ನಿ. 'ಸಹಾಯ' ಬಿಟ್ಟು 'ನೆರವು' ಇಟ್ಟುಕೊಳ್ಳಿ, ಅದು ಅಚ್ಚಗನ್ನಡ. ನೆರೆ ಅಂದರೆ ಕೂಡು. ಜನ ನೆರೆದರು ಅನ್ನುತ್ತೇವೆ, ಅದೇ ಬೇರು. 'ಒಳತರವಿನಿಂದ ಕೆಲಸಗೆಟ್ಟವರ ನೆರವು'. ಮುಗಿಯಿತು.

ಹೊನ್ನಾವರದಿಂದ:
ಮುಗಿಯಲಿಲ್ಲ ಮಾಸ್ತರರೇ. 'ಕೆಲಸಗೆಟ್ಟವರು' ಅಂದರೆ ಅವರೇ ಕೆಟ್ಟುಹೋದವರು ಅಂತ ಕೇಳಿಸುತ್ತದೆ. 'ಒಳತರವು' ಯಾವ ಅಂಗಡಿಯಲ್ಲಿ ಕೇಳಿದಿರಿ? ನಿಮ್ಮ ಶಿರಸಿ ಪೇಟೆಯಲ್ಲೇ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ದರ ಬಿದ್ದ ದಿನ ಜನ ಬೈಯುವುದು ಆಮದು ಅಡಿಕೆಯನ್ನು. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ್ದನ್ನು ಒಳಗೆ ಬಿಡುವುದಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಆಗ ಯಾವ ಪೇಪರಿನವರೂ 'ಕನಿಷ್ಠ ಒಳತರವು ಬೆಲೆ' ಅಂತ ಬರೆಯಲಿಲ್ಲ.

ಅಕ್ಕೋರೆ, ನಿಮ್ಮ 'ಹೊಂದಾಣಿಕೆ'ಯನ್ನು ಮೊದಲು ತೆಗೆಯಿರಿ. ಈಗ ಹೊಂದಾಣಿಕೆ ಅಂದರೆ ರಾಜಕಾರಣ, ಎರಡು ಪಕ್ಷದವರು ಒಳಗೊಳಗೇ ಕೈ ಕುಲುಕಿದ್ದು. 'ವ್ಯಾಪಾರ ಹೊಂದಾಣಿಕೆ' ಅಂದರೆ ಇಬ್ಬರು ಸಾವಕಾರರು ಕೂತು ದರ ಕಟ್ಟಿದ ಹಾಗೆ.

ಶಿರಸಿಯಿಂದ:
ಪೇಟೆಯವರು ಹೇಳಿದ್ದೇ ಸರಿಯಾದರೆ ನಿಘಂಟು ಯಾಕೆ? ಅಡಿಕೆಯ ಮಾತು ಇಲ್ಲಿಗೆ ಸಲ್ಲದು. ಬೆಲೆ ಕಟ್ಟುವುದು ಮಾಲು ತಡೆಯಲು. ಅಮೆರಿಕದವರು ಮಾಡಿದ್ದು ಅದಕ್ಕೆ ತಿರುಗಾಮುರುಗಾ. 1962ರಲ್ಲಿ ಕೆನಡಿ ತಂದ ಕಾಯ್ದೆಯಲ್ಲಿ ಸುಂಕ ಇಳಿಸುವ ಅಧಿಕಾರ, ಈ ನೆರವು ಎರಡೂ ಒಟ್ಟಿಗೇ ಇದ್ದವು. ಮಾಲು ಬರಲಿ, ಪೆಟ್ಟು ತಿಂದವರನ್ನು ನಾವು ನೋಡಿಕೊಳ್ಳುತ್ತೇವೆ ಅಂತ.

ಕುಮಟೆಯಿಂದ:
ಇದು ಒಪ್ಪುವ ಮಾತು. ಆದರೆ ಮಾಸ್ತರರು ಬರೆದ 'ಮಾಲು' ಅರಬ್ಬಿಯದು, ಸುಮ್ನೆ ಹೇಳಿದೆ. ಕಾರವಾರದ ಕಡೆ ತಿಂಗಳ ಕೊನೆಗೆ ಎಣಿಸುವ 'ಪಗಾರ' ಪೋರ್ಚುಗೀಸರದು. ಅದನ್ನೂ ಬಿಡಬೇಕಲ್ವಾ?

ಫಲಕಕ್ಕೆ ಇನ್ನೊಂದು. 50 ವರ್ಷ ಆದವರು ಕಡಿಮೆ ಪಗಾರದ ಕೆಲಸ ಹಿಡಿದರೆ, ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರದಲ್ಲಿ ಒಂದು ಪಾಲನ್ನು ಈ ಯೋಜನೆ ಕೊಡುತ್ತದೆ. ಅದಕ್ಕೆ 'ವೇತನ ವಿಮೆ' ಅಂತ ಬರೆದರೆ ಕಂತು ಎಷ್ಟು ಅಂತ ಕೇಳುತ್ತಾರೆ. 'ಪಗಾರದ ಅಂತರ ತುಂಬುವ ಹಣ' ಸಾಕು. ಎಲ್ಲವನ್ನೂ ಸೇರಿಸಿ 'ನಿರುದ್ಯೋಗ ಭತ್ಯೆ' ಅನ್ನಲೂ ಬೇಡಿ. ಹುಡುಗರು ಯುವನಿಧಿ ಅಂದುಕೊಳ್ಳುತ್ತಾರೆ.

ಶಿರಸಿಯಿಂದ:
ವಸ್ತುವಿನ ಜೊತೆ ಹಡಗಿನಲ್ಲಿ ಬಂದ ಹೆಸರು ಇರಲಿ, ನನ್ನ ತಕರಾರಿಲ್ಲ. ತರುವುದು, ಕಳಿಸುವುದು ನಮ್ಮಲ್ಲಿ ಮೊದಲೇ ಇದ್ದವು. ಅದಕ್ಕೂ ಸಾಲ ಯಾಕೆ? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಹೊನ್ನಾವರದಿಂದ:
ಕೊಟ್ಟಾಯಿತು. ನಿಮಗೆ ಬೇಕಾದ ಉತ್ತರ ಅಲ್ಲ, ಅಷ್ಟೆ. 'ತಕರಾರು' ಎಲ್ಲಿಯದು ಅಂತಲೂ ನೋಡಿಕೊಳ್ಳಿ.

ಕಾರವಾರದಿಂದ:
ಜಗಳ ಆಮೇಲೆ ಆಡಿ, ದಯವಿಟ್ಟು. ಶೀರ್ಷಿಕೆ ಹೀಗೆ ಮಾಡಿದೆ: 'ಆಮದಿನಿಂದ ಕೆಲಸ ಹೋದವರಿಗೆ ಸರ್ಕಾರದ ನೆರವು'. ಕೆಳಗಿನ ಸಾಲು: 'ಮೂವರು ಕಾರ್ಮಿಕರು ಸೇರಿ ಅರ್ಜಿ ಹಾಕಿದರೂ ಸಾಕು. ಕೆಲಸ ಹೋಗಲು ವಿದೇಶಿ ಪೈಪೋಟಿಯೇ ಕಾರಣವೇ ಎಂದು ಅಮೆರಿಕದ ಕಾರ್ಮಿಕ ಇಲಾಖೆ ತನಿಖೆ ಮಾಡುತ್ತದೆ.' ಸರಿಯೇ?

ಅಂಕೋಲೆಯಿಂದ:
ಶೀರ್ಷಿಕೆ ಚೆನ್ನಾಗಿದೆ. ಕೆಳಗಿನದು 'ಮಾಡುತ್ತಿತ್ತು' ಆಗಬೇಕು. ಅವಧಿ ಮುಗಿದು 2022ರ ಜುಲೈ 1ರಿಂದ ಹೊಸ ಅರ್ಜಿಗಳ ತನಿಖೆಯೂ ಇಲ್ಲ, ಮಂಜೂರಾತಿಯೂ ಇಲ್ಲ. ಅದಕ್ಕೆ ಮೊದಲು ಮಂಜೂರಾದವರಿಗೆ ಮಾತ್ರ ಸೌಲಭ್ಯ ಮುಂದುವರಿಯಿತು. 'ಅರ್ಜಿ ಹಾಕಿದರೂ ಸಾಕಿತ್ತು' ಅಂತಲೂ ತಿದ್ದಿ, ಇಲ್ಲವಾದರೆ ಓದಿದವರು ಈಗಲೂ ಇದೆ ಅಂದುಕೊಳ್ಳುತ್ತಾರೆ.

ಶಿರಸಿಯಿಂದ:
'ಮಂಜೂರು' ಕೂಡ ಅರಬ್ಬಿ. 'ಒಪ್ಪಿಗೆ' ಅನ್ನಬಹುದಿತ್ತು.