ಬಿಬಿಸಿ ಮೈಕ್ರೋಗೆ ಫ್ಲಾಪಿ ಎಮ್ಯುಲೇಟರ್: ಗೋಟೆಕ್ ತರುವುದಾ, ಬೋರ್ಡ್ ನಾವೇ ಮಾಡುವುದಾ?

ಕಿನ್ನಿಮುಲ್ಕಿ, ಉಡುಪಿ (ಪ್ರಶ್ನೆ):
ಶಾಲೆಯೊಂದರ ಸ್ಟೋರ್ ರೂಮಿನಿಂದ ಬಂದ ಬಿಬಿಸಿ ಮೈಕ್ರೋ ಮಾಡೆಲ್ ಬಿ (1980ರ ದಶಕದ ಬ್ರಿಟಿಷ್ ಕಂಪ್ಯೂಟರ್) ಉಂಟು. ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತರಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯ ಕಾಲದ್ದು, ಡಿಸ್ಕ್ ಕಂಟ್ರೋಲರ್ ಚಿಪ್ 8271. ಸಪ್ಲೈಯ ಎಕ್ಸ್2 ಕೆಪಾಸಿಟರ್ ಬದಲಾಯಿಸಿ ಆಗಿದೆ, ಬೀಪ್ ಬಂದು ಪ್ರಾಂಪ್ಟ್ ಬರ್ತದೆ. ಐದೂಕಾಲು ಇಂಚಿನ ಡ್ರೈವ್ ಮಾತ್ರ ಹೋಗಿದೆ, ಹೆಡ್ ಓಡುವ ಸರಳಿಗೆ ಪೂರ್ತಿ ತುಕ್ಕು. 4,000 ರೂಪಾಯಿ ಒಳಗೆ ಎಮ್ಯುಲೇಟರ್ (ಫ್ಲಾಪಿ ಡ್ರೈವಿನ ಬದಲಿಗೆ ಪೆನ್‌ಡ್ರೈವ್ ಅಥವಾ ಎಸ್‌ಡಿ ಕಾರ್ಡಿನಿಂದ ಡಿಸ್ಕಿನ ಇಮೇಜ್ ಓದಿಸುವುದು) ಆಗ್ತದಾ? ರೆಡಿಮೇಡ್ ಸಿಗುವ ಗೋಟೆಕ್ ಎಮ್ಯುಲೇಟರ್ ಒಳ್ಳೆಯದಾ, ಸ್ವಂತ ಬೋರ್ಡಾ? ಮಾಡಿದವರು ಹೇಳಿ.

ಬಿಜೈ, ಮಂಗಳೂರು:
ಗೋಟೆಕ್ ತನ್ನಿ, ಬೇರೆ ಯೋಚನೆ ಬೇಡ. ಹಳೆಯ 386 ಪಿಸಿಗೆ ಹಾಕಿದ ಲೆಕ್ಕ ಇಲ್ಲುಂಟು. ಗೋಟೆಕ್ 2,150. 0.91 ಇಂಚಿನ ಓಎಲ್‌ಇಡಿ (ಪುಟ್ಟ ಪರದೆ) 190. ರೋಟರಿ ಎನ್‌ಕೋಡರ್ (ಇಮೇಜ್ ಆರಿಸುವ ತಿರುಗುಬಟನ್) 60. ಎರಡೂ ತುದಿ ಎ ಇರುವ ಯುಎಸ್‌ಬಿ ಕೇಬಲ್ 120. 34 ಪಿನ್ ಎಫ್‌ಆರ್‌ಸಿ (ಚಪ್ಪಟೆ) ಕೇಬಲ್ 110. 2,630ಕ್ಕೆ ಮುಗಿಯಬೇಕಿತ್ತು, ಮುಗಿದದ್ದು 3,170ಕ್ಕೆ. ಹೆಚ್ಚಾದ 540ರಲ್ಲಿ 190 ಎರಡನೇ ಓಎಲ್‌ಇಡಿಗೆ, 350 ಎರಡನೇ ಪೆನ್‌ಡ್ರೈವಿಗೆ.

ಓಎಲ್‌ಇಡಿ ಸುಟ್ಟದ್ದು ಯಾಕೆ ಗೊತ್ತುಂಟಾ? ಕೆಲವು ಮಾಡ್ಯೂಲಿನಲ್ಲಿ ಮೊದಲ ಪಿನ್ ಗ್ರೌಂಡ್, ಎರಡನೆಯದು ವಿಸಿಸಿ. ಕೆಲವದರಲ್ಲಿ ಅದೇ ತಿರುವುಮುರುವು. ಅಂಗಡಿಯ ಪಟದಲ್ಲಿ ಒಂದು ಕ್ರಮ, ಪೊಟ್ಟಣದಲ್ಲಿ ಇನ್ನೊಂದು. ವಯರಿನ ಬಣ್ಣ ನಂಬಬೇಡಿ, ಬೋರ್ಡಿನ ಮೇಲೆ ಅಚ್ಚಾದ ಅಕ್ಷರ ಓದಿ ಬೆಸುಗೆ ಹಾಕಿ.

ಇನ್ನು ಫರ್ಮ್‌ವೇರ್ (ಚಿಪ್ಪಿನೊಳಗಿನ ಸಾಫ್ಟ್‌ವೇರ್). ಗೋಟೆಕ್ ಬಿಚ್ಚಿ ಚಿಪ್ಪಿನ ಮೇಲಿನ ಹೆಸರು ನೋಡಿ. ಹಳೆಯದರಲ್ಲಿ ಎಸ್‌ಟಿಎಂ32ಎಫ್105, ಆಮೇಲಿನದರಲ್ಲಿ ಎಟಿ32ಎಫ್415, ಈಚಿನದರಲ್ಲಿ ಎಟಿ32ಎಫ್435. 415ರ ಫೈಲ್ 435ಕ್ಕೆ ಆಗುವುದಿಲ್ಲ. ಬೂಟ್0 ಪಿನ್ನನ್ನು 3.3 ವೋಲ್ಟಿಗೆ ಜಂಪರ್ ಮಾಡಿ ಯುಎಸ್‌ಬಿ ಚುಚ್ಚಿದರೆ ಡಿಎಫ್‌ಯು ಮೋಡ್ (ಹೊಸ ಫರ್ಮ್‌ವೇರ್ ತುಂಬುವ ಸ್ಥಿತಿ) ಬರ್ತದೆ, ಆಗ ಫ್ಲ್ಯಾಶ್‌ಫ್ಲಾಪಿ (ಗೋಟೆಕ್‌ಗೆ ಹಾಕುವ ಉಚಿತ ಫರ್ಮ್‌ವೇರ್) ಹಾಕಿ. ಚಿಪ್ಪಿನ ರೀಡ್ ಪ್ರೊಟೆಕ್ಷನ್ ತೆಗೆದ ಕೂಡಲೇ ಒಳಗಿನ ಮೂಲ ಫರ್ಮ್‌ವೇರ್ ಅಳಿದುಹೋಗ್ತದೆ, ಮತ್ತೆ ಸಿಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು 34ನೇ ಪಿನ್. ಶುಗಾರ್ಟ್ (ಹಳೆಯ ಫ್ಲಾಪಿ ಡ್ರೈವುಗಳ ಪಿನ್ ಜೋಡಣೆ) ಕ್ರಮದಲ್ಲಿ ಅದು ರೆಡಿ, ಪಿಸಿಯಲ್ಲಿ ಅದೇ ಪಿನ್ ಡಿಸ್ಕ್ ಚೇಂಜ್. ಫ್ಲ್ಯಾಶ್‌ಫ್ಲಾಪಿಯ ಸೆಟ್ಟಿಂಗ್ ಫೈಲ್ ಎಫ್‌ಎಫ್.ಸಿಎಫ್‌ಜಿಯಲ್ಲಿ ಇಂಟರ್‌ಫೇಸ್ ಶುಗಾರ್ಟ್ ಎಂದೇ ಉಳಿದಿದ್ದರೆ ರೆಡಿ ಲೈನ್ ಸದಾ ಲೋ. ಪಿಸಿ ಅದನ್ನು "ಡಿಸ್ಕ್ ಈಗಷ್ಟೇ ಬದಲಾಯ್ತು" ಎಂದು ಓದಿ ನಾಟ್ ರೆಡಿ ಹೇಳ್ತಾ ಕೂತುಕೊಳ್ತದೆ. ಎರಡು ಭಾನುವಾರ ಇದಕ್ಕೇ ಹೋಯ್ತು. ಐಬಿಎಂಪಿಸಿ ಎಂದು ಬರೆದು ಜಂಪರ್ ಎಸ್1ಕ್ಕೆ ಹಾಕಿದ ಮೇಲೆ ಸರಿಯಾಯ್ತು.

ಸುರತ್ಕಲ್:
2,150 ಕೊಟ್ಟು ಇನ್ನೊಬ್ಬರ ಡಬ್ಬಿ ತಂದು ಅದಕ್ಕೆ ಮತ್ತೊಬ್ಬರ ಫರ್ಮ್‌ವೇರ್ ಹಾಕುವುದನ್ನು "ಮಾಡಿದ್ದು" ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಬ್ಲೂ ಪಿಲ್ (ಎಸ್‌ಟಿಎಂ32ಎಫ್103 ಚಿಪ್ಪಿನ ಪುಟ್ಟ ಬೋರ್ಡ್) 220, ಮೈಕ್ರೋ ಎಸ್‌ಡಿ ಸಾಕೆಟ್ 50, ಓಪನ್ ಕಲೆಕ್ಟರ್ (ಲೈನನ್ನು ಕೆಳಗೆ ಮಾತ್ರ ಎಳೆಯುವ) ಐಸಿ 7406 ಒಂದು 40, 1 ಕಿಲೋ ಓಮ್ ರೆಸಿಸ್ಟರ್ ಏಳು, 34 ಪಿನ್ ಬಾಕ್ಸ್ ಹೆಡರ್ 25, ಡಾಟ್ ಬೋರ್ಡ್ 60. 400 ದಾಟುವುದಿಲ್ಲ.

ಹೊರಗೆ ಹೋಗುವ ಲೈನ್ ಐದೇ: 8 ಇಂಡೆಕ್ಸ್, 26 ಟ್ರ್ಯಾಕ್ ಸೊನ್ನೆ, 28 ರೈಟ್ ಪ್ರೊಟೆಕ್ಟ್, 30 ರೀಡ್ ಡೇಟಾ, 34. 7406ರಲ್ಲಿ ಆರು ಗೇಟ್ ಉಂಟು, ಒಂದೇ ಐಸಿ ಸಾಕು. ಅದನ್ನು ಬಿಟ್ಟು ಚಿಪ್ಪಿನ ಪಿನ್ನನ್ನೇ ನೇರ ಕೊಡಬೇಡಿ. ಹಳೆಯ ಕಂಟ್ರೋಲರಿನಲ್ಲಿ 150 ಓಮ್ ಪುಲ್‌ಅಪ್ (ಲೈನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಇದ್ದರೆ ಲೈನ್ ಕೆಳಗೆ ಎಳೆಯುವಾಗ 33 ಮಿಲಿಆಂಪ್ ಹರಿಯುತ್ತದೆ, ಎಸ್‌ಟಿಎಂನ ಪಿನ್ನಿಗೆ 25ರ ಮೇಲೆ ತಾಳುವುದಿಲ್ಲ. ಒಳಬರುವ ಲೈನನ್ನು ಪಿಎ0ಯಿಂದ ಪಿಎ7ರವರೆಗಿನ ಪಿನ್ನುಗಳಿಗೆ ಕೊಟ್ಟರೂ ಕೆಟ್ಟಿತು, ಅವು 5 ವೋಲ್ಟ್ ತಾಳುವ ಪಿನ್ನುಗಳಲ್ಲ.

ಮೆಮೊರಿ ಲೆಕ್ಕವೂ ಸರಿಹೊಂದುತ್ತದೆ. ಸೆಕೆಂಡಿಗೆ 250 ಕಿಲೋಬಿಟ್, ಸುತ್ತಿಗೆ 200 ಮಿಲಿಸೆಕೆಂಡ್, ಅಂದರೆ ಒಂದು ಟ್ರ್ಯಾಕಿಗೆ 6,250 ಬೈಟ್. ಚಿಪ್ಪಿನಲ್ಲಿ 20 ಕಿಲೋಬೈಟ್ ರ‍್ಯಾಮ್ ಉಂಟು, ಎರಡು ಟ್ರ್ಯಾಕ್ ಆರಾಮ ಹಿಡಿಯುತ್ತದೆ. ಕಷ್ಟ ಬರೆಯುವಾಗ. ಎಸ್‌ಡಿ ಕಾರ್ಡ್ ಒಮ್ಮೊಮ್ಮೆ ಕಾಲು ಸೆಕೆಂಡ್ ಬ್ಯುಸಿ ಅನ್ನುತ್ತದೆ, ಅಷ್ಟರಲ್ಲಿ ಒಂದು ಸುತ್ತೇ ಕಳೆದುಹೋಗಿರುತ್ತದೆ. ಅದಕ್ಕೇ ಎರಡನೇ ಬಫರ್.

ಮಣಿಪಾಲ:
ಸುರತ್ಕಲ್‌ನವರೇ, 7406 ಹಾಕಿದರೆ ಡ್ರೈವ್ ಸೆಲೆಕ್ಟ್ (ಯಾವ ಡ್ರೈವಿನ ಸರದಿ ಎಂದು ಹೇಳುವ ಸಿಗ್ನಲ್) ಎಲ್ಲಿ ನೋಡ್ತೀರಿ? ಸಾಫ್ಟ್‌ವೇರಿನಲ್ಲಾ? ಒಂದೇ ಕೇಬಲಿನಲ್ಲಿ ಎರಡನೇ ಡ್ರೈವ್ ಇದ್ದರೆ, ಇಂಟರಪ್ಟ್ ಬಂದು ನಿಮ್ಮ ಬೋರ್ಡ್ ಲೈನ್ ಬಿಡುವಷ್ಟರಲ್ಲಿ ಎರಡರ ಸಿಗ್ನಲ್ ಒಂದರ ಮೇಲೊಂದು ಬಿದ್ದಾಯ್ತು. 7438 ಹಾಕಬೇಕು. ಅದೂ ಓಪನ್ ಕಲೆಕ್ಟರ್, 48 ಮಿಲಿಆಂಪ್ ಎಳೆಯುತ್ತದೆ, ಪ್ರತಿ ಗೇಟಿನ ಒಂದು ಕಾಲಿಗೆ ಸೆಲೆಕ್ಟ್ ಸಿಗ್ನಲನ್ನೇ ಇನ್ವರ್ಟ್ ಮಾಡಿ ಕೊಡಬಹುದು. ನಾಲ್ಕೇ ಗೇಟ್ ಇರುವುದರಿಂದ ಐಸಿ ಎರಡು ಬೇಕು, 80 ರೂಪಾಯಿ. 40 ರೂಪಾಯಿ ಉಳಿಸ್ಲಿಕ್ಕೆ ಹೋಗಿ ಬಸ್ ಹಾಳು ಮಾಡಿ ಅಂತ ಹೊಸಬರಿಗೆ ಹೇಳಬೇಡಿ.

ಸುರತ್ಕಲ್:
ಒಂದೇ ಡ್ರೈವ್ ಇರುವವರಿಗೆ 7438 ಯಾಕೆ? ಕೇಬಲಿನಲ್ಲಿ ಇನ್ನೊಂದು ಡ್ರೈವ್ ಉಂಟು ಅಂತ ಕೇಳಿದವರು ಎಲ್ಲಿ ಹೇಳಿದ್ದಾರೆ?

ಕಂಕನಾಡಿ:
ಸಂಗೀತದ ಕೀಬೋರ್ಡಿಗೆ ಹಾಕಿದ ಗೋಟೆಕ್ ಸಂಗತಿ ಹೇಳ್ತೇನೆ. 720 ಕೆ ಡ್ರೈವ್ ಇದ್ದದ್ದು, ಇಮೇಜ್ ಸರಿಯಾಗಿ 7,37,280 ಬೈಟ್ ಇರಬೇಕು. 1.44ರ ಇಮೇಜ್ ಕೊಟ್ಟರೆ ಎರರ್. ಪೆನ್‌ಡ್ರೈವ್ ಎಂಬಿಆರ್ ಪಾರ್ಟಿಷನ್, ಎಫ್‌ಎಟಿ32. ಅಗ್ಗದ ಪೆನ್‌ಡ್ರೈವಿನಲ್ಲಿ ಓದುವುದು ಸಲೀಸು, ಸೇವ್ ಮಾಡುವಾಗ ಮಾತ್ರ ಕೈಕೊಡುತ್ತದೆ. ಬೇರೆ ಪೆನ್‌ಡ್ರೈವ್ ಹಾಕಿದ ಮೇಲೆ ಒಂದೂ ತಪ್ಪು ಬಂದಿಲ್ಲ.

ಬಿಜೈ, ಮಂಗಳೂರು:
ಕೀಬೋರ್ಡ್ ಕಂಪ್ಯೂಟರ್ ಅಲ್ಲವಲ್ಲ, ಇಲ್ಲಿ ಅದೆಂತಕ್ಕೆ?

ಕಂಕನಾಡಿ:
ಅದೇ 34 ಪಿನ್, ಅದೇ ಎಂಎಫ್‌ಎಂ (ಡಿಸ್ಕಿನಲ್ಲಿ ಬಿಟ್ ಬರೆಯುವ ಕ್ರಮ). ನಿಮ್ಮ 386ರ ಪುರಾಣವೂ ಬಿಬಿಸಿಯ ಬಗ್ಗೆ ಅಲ್ಲ.

ಮಣಿಪಾಲ:
ಬಿಬಿಸಿಯ ವಿಷಯ ಯಾರೂ ಹೇಳಲೇ ಇಲ್ಲ. 8271 ಓದುವುದು ಎಫ್‌ಎಂ (ಎಂಎಫ್‌ಎಂಗಿಂತ ಹಳೆಯ ಕ್ರಮ) ಮಾತ್ರ, ಸೆಕೆಂಡಿಗೆ 125 ಕಿಲೋಬಿಟ್. ಎಂಎಫ್‌ಎಂನಲ್ಲಿ ಪಲ್ಸುಗಳ ನಡುವೆ 4, 6, 8 ಮೈಕ್ರೋಸೆಕೆಂಡ್ ಅಂತರ, ಈ ಎಫ್‌ಎಂನಲ್ಲಿ 4 ಅಥವಾ 8 ಮಾತ್ರ. ಸುರತ್ಕಲ್‌ನವರ ಕೋಡಿನಲ್ಲಿ ಎಫ್‌ಎಂ ಉಂಟಾ?

ಸುರತ್ಕಲ್:
ಸದ್ಯ ಇಲ್ಲ. ಹಾರ್ಡ್‌ವೇರ್ ಬದಲಾಯಿಸಬೇಕಾಗಿಲ್ಲ, ಟೈಮರಿನ ಲೆಕ್ಕ ಬದಲಾದರೆ ಸಾಕು.

ಮಣಿಪಾಲ:
ಹಾಗಾದರೆ 400 ರೂಪಾಯಿಯ ಬೋರ್ಡ್ ಕಿನ್ನಿಮುಲ್ಕಿಯವರಿಗೆ ಇವತ್ತು ಉಪಯೋಗಕ್ಕಿಲ್ಲ. ಫ್ಲ್ಯಾಶ್‌ಫ್ಲಾಪಿಯಲ್ಲಿ ಹೋಸ್ಟ್ ಎಂಬಲ್ಲಿ ಏಕಾರ್ನ್ (ಬಿಬಿಸಿ ಮೈಕ್ರೋ ಮಾಡಿದ ಕಂಪೆನಿ) ಎಂದು ಬರೆದರೆ ಎಸ್‌ಎಸ್‌ಡಿ, ಡಿಎಸ್‌ಡಿ (ಬಿಬಿಸಿಯ ಒಂದು ಬದಿಯ, ಎರಡು ಬದಿಯ ಡಿಸ್ಕಿನ) ಇಮೇಜ್ ನೇರ ಓದುತ್ತದೆ. 40 ಟ್ರ್ಯಾಕಿನ ಎಸ್‌ಎಸ್‌ಡಿ ಅಂದರೆ 40 ಟ್ರ್ಯಾಕ್ × 10 ಸೆಕ್ಟರ್ × 256 ಬೈಟ್, ಒಟ್ಟು 1,02,400 ಬೈಟ್. ಇಂಟರ್‌ಫೇಸ್ ಶುಗಾರ್ಟ್, ಜಂಪರ್ ಎಸ್0, ತಿರುಚು ಇಲ್ಲದ ನೇರ ಕೇಬಲ್. ಕೇಬಲ್ ಉಲ್ಟಾ ಚುಚ್ಚಿದರೆ ಡ್ರೈವಿನ ದೀಪ ಆರುವುದೇ ಇಲ್ಲ, ಕೂಡಲೇ ಕರೆಂಟ್ ತೆಗೆಯಿರಿ. 5 ವೋಲ್ಟನ್ನು ಬಿಬಿಸಿಯ ಅಡಿಯಲ್ಲಿರುವ ಡ್ರೈವ್ ಪವರ್ ಸಾಕೆಟಿನಿಂದ ತಕ್ಕೊಳ್ಳಿ. ಪಕ್ಕದಲ್ಲೇ 12 ವೋಲ್ಟ್ ಉಂಟು, ಮೊದಲು ಮೀಟರ್ ಹಿಡಿಯಿರಿ.

ಮಲ್ಪೆ:
ಎಮ್ಯುಲೇಟರ್ ಬಿಡಿ, ಆ ಶಾಲೆಯ ಡಿಸ್ಕುಗಳು ಎಲ್ಲಿ? ಕಡಲ ಬದಿಯ ಗಾಳಿಗೆ ಒಂದು ಮಳೆಗಾಲ ಸಾಕು, ಬೂಷ್ಟು ಹಿಡೀತದೆ. ಡ್ರೈವಿಗೆ ಹಾಕಿ ತಿರುಗಿಸಿದರೆ ಹೆಡ್ ಆ ಬೂಷ್ಟನ್ನೇ ಗೀರಿಕೊಂಡು ಹೋಗ್ತದೆ, ಆಕ್ಸೈಡ್ ಕಿತ್ತು ಬಂದರೆ ಡೇಟಾವೂ ಹೋಯ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ತೊಳೆಯಬೇಕು.

ಮಣಿಪಾಲ:
ಐಪಿಎ ಮೊದಲೇ ಹಚ್ಚಬೇಡಿ. ಕೆಲವು ಡಿಸ್ಕಿನ ಬೈಂಡರ್ (ಆಕ್ಸೈಡನ್ನು ಹಿಡಿದಿಡುವ ಅಂಟು) ಅದಕ್ಕೆ ಕರಗುತ್ತದೆ.

ಮಲ್ಪೆ:
99 ಶೇಕಡಾದ್ದನ್ನು ಬಟ್ಟೆಗೆ ಹಾಕಿ ಒರೆಸಿದ್ದು ಮೂವತ್ತು ಡಿಸ್ಕ್, ಇಪ್ಪತ್ತೇಳು ಓದಿತು.

ಮಣಿಪಾಲ:
ಆ ಮೂರು ಯಾಕೆ ಹೋಯ್ತು ಅಂತ ನೋಡಿದ್ದೀರಾ? ಮೊದಲು ಬೇಡದ ಡಿಸ್ಕೊಂದರ ಅಂಚಿಗೆ ಕಿವಿಕಡ್ಡಿಯಲ್ಲಿ ಒಂದು ಹನಿ ಮುಟ್ಟಿಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಆ ಕಂಪೆನಿಯ ಡಿಸ್ಕಿಗೆ ಐಪಿಎ ಬೇಡ. ಕವರಿನ ಮೇಲಂಚು ಕತ್ತರಿಸಿ ತಟ್ಟೆ ಹೊರತೆಗೆದು, ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ಬೆರಳಿನಲ್ಲೇ ತೊಳೆದು, ನೆರಳಲ್ಲಿ ಒಣಗಿಸಿ ಬೇರೆ ಸ್ವಚ್ಛ ಕವರಿಗೆ ಹಾಕಿ. ಆಮೇಲೆ ಕೆಲಸ ಮಾಡುವ ಐದೂಕಾಲು ಇಂಚಿನ ಡ್ರೈವ್ ಒಂದನ್ನು ಎರವಲು ತಂದು ಗ್ರೀಸ್‌ವೀಸಲ್‌ನಲ್ಲಿ (ಫ್ಲಾಪಿ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಬೋರ್ಡ್) ಫ್ಲಕ್ಸ್ ಇಮೇಜ್ (ಡಿಸ್ಕಿನ ಕಾಂತೀಯ ಗುರುತುಗಳ ಯಥಾಪ್ರತಿ) ತೆಗೆಯಿರಿ. 80 ಟ್ರ್ಯಾಕಿನ ಡ್ರೈವ್ ಸಿಕ್ಕಿದರೆ 40 ಟ್ರ್ಯಾಕಿನ ಡಿಸ್ಕಿಗೆ ಎರಡೆರಡು ಹೆಜ್ಜೆ ಹಾಕಿಸಬೇಕು. ಪ್ರತಿ ಡಿಸ್ಕ್ ಆದ ಮೇಲೆ ಹೆಡ್ ಒರೆಸಿ, ಇಲ್ಲದಿದ್ದರೆ ಒಂದರ ಬೂಷ್ಟು ಇನ್ನೊಂದಕ್ಕೆ ಹತ್ತುತ್ತದೆ.

ಕಿನ್ನಿಮುಲ್ಕಿ, ಉಡುಪಿ:
ಡಿಸ್ಕ್ ಹನ್ನೊಂದು ಉಂಟು, ನಾಲ್ಕಕ್ಕೆ ಬಿಳಿ ಚುಕ್ಕೆ ಬಂದಿದೆ. ಅವನ್ನು ಬೇರೆ ಇಟ್ಟಿದ್ದೇನೆ. ಗೋಟೆಕ್ಕೇ ತರಿಸ್ತೇನೆ. 40 ಟ್ರ್ಯಾಕಿನ ಡ್ರೈವ್ ಎರವಲು ಕೊಡುವವರು ಉಡುಪಿ ಕಡೆ ಯಾರಾದರೂ ಇದ್ದಾರಾ?