ಗೊರಬನ್ನು, ಗೊರಬುವನ್ನು, ಗೊರಬು ಅನ್ನು: ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಒಂದು ವಿಭಕ್ತಿ ಪ್ರತ್ಯಯದ ಜಗಳವನ್ನು ನಿಮ್ಮ ಮುಂದೆ ತಂದಿದ್ದೇನೆ. ಜಗಳ ನಡೆದದ್ದು ತೀರ್ಥಹಳ್ಳಿಯಲ್ಲಿ, ಕಾರಣ ಒಂದು ತಂತ್ರಾಂಶದ ಹೆಸರು ಬದಲಾದದ್ದು. ಅದರ ಬಾಲ ಹಿಡಿದುಕೊಂಡು ಬಂದ ಇನ್ನೆರಡು ಪದಗಳ ಪ್ರಶ್ನೆಯೂ ಇದೆ.

ನಾವು ನಾಲ್ವರು ಸೇರಿ ಅಡಿಕೆ ತೋಟದವರಿಗಾಗಿ ಒಂದು ಚಿಕ್ಕ ಮುಕ್ತ ತಂತ್ರಾಂಶ ಬರೆದಿದ್ದೇವೆ. ಅದರ ಕೆಲಸ ಇಷ್ಟೇ: ದಿನದಿನದ ಮಳೆಯನ್ನು ಬರೆದಿಡುವುದು, ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಹೊಡೆದ ತಾರೀಖನ್ನು ನೆನಪಿಟ್ಟುಕೊಂಡು 40–45 ದಿನಕ್ಕೆ ಮುಂದಿನ ಸರದಿ ಬಂತೆಂದು ಎಚ್ಚರಿಸುವುದು. ಶುರುವಿನಲ್ಲಿ ಅದಕ್ಕೆ ಇಟ್ಟ ಹೆಸರು ‘ಕೊಟ್ಟೆ’. ಬಯಲುಸೀಮೆಯವರಿಗಾಗಿ ಒಂದು ಮಾತು: ಮಳೆಗಾಲದಲ್ಲಿ ಕೊಳೆರೋಗ ತಗುಲದ ಹಾಗೆ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕಟ್ಟುವ ಹೊದಿಕೆಯೇ ಕೊಟ್ಟೆ. ಹಿಂದೆ ಅಡಿಕೆ ಹಾಳೆಯಿಂದ ಮಾಡುತ್ತಿದ್ದರು, ಈಗ ಕಟ್ಟಿದರೆ ಪ್ಲಾಸ್ಟಿಕ್ಕಿನದು. ಕರಾವಳಿಯವರಿಗೆ ಕೊಟ್ಟೆ ಎಂದರೆ ಕಡುಬು ನೆನಪಾಗುತ್ತದೆ, ಅದು ಬೇರೆ.

ಎರಡು ವರ್ಷ ಸುಖವಾಗಿ ನಡೆಯಿತು. ಆಮೇಲೆ ಗೊತ್ತಾಯಿತು, ರೋಮನ್ ಅಕ್ಷರಗಳಲ್ಲಿ ಅದೇ ಕಾಗುಣಿತದ ಇನ್ನೊಂದು ತಂತ್ರಾಂಶದ ಪೊಟ್ಟಣ (ಪ್ಯಾಕೇಜ್) ಸಾರ್ವಜನಿಕ ಭಂಡಾರದಲ್ಲಿ ನಮಗಿಂತ ಮೊದಲೇ ಕುಳಿತಿದೆ. ಬಸ್ಸಿನಲ್ಲಿ ಟವೆಲ್ ಹಾಕಿದವರಿಗೇ ಸೀಟು, ವಾದ ಮಾಡುವಂತಿಲ್ಲ. ಮಳೆಯ ಸಂಬಂಧವನ್ನು ಬಿಡಬಾರದೆಂದು ಹೊಸ ಹೆಸರು ‘ಗೊರಬು’ ಎಂದು ಇಟ್ಟೆವು. ಗದ್ದೆ ನಾಟಿಯ ಹೊತ್ತಿಗೆ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಿದ್ದ ಎಲೆಯ ಮರೆ ಗೊರಬು. ಆಕರ ಸಂಕೇತದಲ್ಲಿ (ಸೋರ್ಸ್ ಕೋಡ್) ಹೆಸರು ಬದಲಿಸುವುದು ಒಂದು ಸಂಜೆಯ ಕೆಲಸವಾಯಿತು. ಕನ್ನಡದ ಅಭಿವೃದ್ಧಿಗಾರರ ಕೈಪಿಡಿಯಲ್ಲಿ ಬದಲಿಸಲು ಹೊರಟು ಮೂರು ವಾರ ಕಳೆದಿದೆ, ಇನ್ನೂ ಮುಗಿದಿಲ್ಲ.

ಮೊದಲ ತಪ್ಪು ನನ್ನದೇ. ‘ಕೊಟ್ಟೆ’ ಎಂದು ಇರುವಲ್ಲೆಲ್ಲ ‘ಗೊರಬು’ ಎಂದು ಹಾಕು ಎಂದು ಕಂಪ್ಯೂಟರಿಗೆ ಹೇಳಿ ಕಾಫಿ ಕುಡಿಯಲು ಎದ್ದೆ. ತಿರುಗಿ ಬಂದು ಪೀಠಿಕೆ ತೆರೆದರೆ, ‘ಇದನ್ನು ಮೊದಲು ನಮ್ಮೂರಿನ ಆರು ತೋಟದವರಿಗೆ ಬಳಸಲು ಗೊರಬುವು’ ಎಂದಿದೆ. ಮೂಲದಲ್ಲಿ ಇದ್ದದ್ದು ‘ಬಳಸಲು ಕೊಟ್ಟೆವು’. ಕೊಡು ಧಾತುವಿನ ಭೂತಕಾಲ, ಉತ್ತಮ ಪುರುಷ! ಒಂದು ಅಧ್ಯಾಯವನ್ನು ‘ನಾನು’ ಎಂದುಕೊಂಡೇ ಬರೆದ ಗೆಳೆಯನೊಬ್ಬನ ಪುಟಗಳಲ್ಲಂತೂ ‘ಅನುಮತಿ ಗೊರಬು’, ‘ಉತ್ತರ ಗೊರಬುನು’, ‘ಕೊನೆಗೆ ಆ ಯೋಚನೆಯನ್ನೇ ಬಿಟ್ಟುಗೊರಬು’ ಎಂದು ಗೊರಬಿನ ಸುರಿಮಳೆ. ಹೆಸರಿಡುವಾಗ ನಾಲ್ವರಲ್ಲಿ ಒಬ್ಬರಿಗೂ ಅದು ಕ್ರಿಯಾಪದವೂ ಹೌದು ಎಂಬುದು ಹೊಳೆದಿರಲಿಲ್ಲ. ತೋಟದಲ್ಲಿ ಬೆಳೆದವರ ಕಿವಿಗೆ ಕೊಟ್ಟೆ ಎಂದರೆ ಮೊದಲು ಅಡಿಕೆ ಕೊನೆಯೇ ಕಾಣುತ್ತದೆ, ಏನು ಮಾಡುವುದು.

ಬದಲಾಗಬಾರದ್ದು ಬದಲಾಯಿತು, ಬದಲಾಗಬೇಕಾದದ್ದು ಹಲವು ಕಡೆ ತಪ್ಪಿಸಿಕೊಂಡಿತು. ಮಳೆ ದಾಖಲಿಸುವ ಭಾಗಕ್ಕೆ ನಾವು ‘ಮಳೆಗೊಟ್ಟೆ’ ಎಂದು ಹೆಸರಿಟ್ಟಿದ್ದೆವು. ಮಳೆ, ಕಾಲ ಸೇರಿ ಮಳೆಗಾಲ ಆದಂತೆ ಇಲ್ಲಿಯೂ ಕಕಾರಕ್ಕೆ ಗಕಾರ ಆದೇಶವಾಗಿದೆ. ಹೈಸ್ಕೂಲಿನ ಮಕ್ಕಳಿಗೆ ಗೊತ್ತಿರುವ ಆದೇಶಸಂಧಿ ಹುಡುಕು ಗುಂಡಿಗೆ ಗೊತ್ತಿಲ್ಲ. ಇನ್ನು ಕೆಲವು ಕಡೆ ಕಣ್ಣಿಗೆ ಸ್ಪಷ್ಟವಾಗಿ ‘ಕೊಟ್ಟೆ’ ಎಂದೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅದರ ಗುಟ್ಟು ಬಿಡಿಸಲು ಒಂದು ಇಡೀ ಭಾನುವಾರ ಹೋಯಿತು. ಯುನಿಕೋಡಿನಲ್ಲಿ ‘ಕೊ’ದ ಒಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ, ತೆರೆಯ ಮೇಲೆ ಎರಡೂ ಒಂದೇ ರೂಪ. ಆದರೆ ಅವನ್ನು ಮೊದಲು ಒಂದೇ ರೂಪಕ್ಕೆ ತಂದುಕೊಳ್ಳದೆ ಹುಡುಕುವ ಸಾಧನಕ್ಕೆ ಅವು ಬೇರೆ ಬೇರೆ ಪದಗಳು. ಹಳೆಯ ಅಕ್ಷರ ವಿನ್ಯಾಸದಿಂದ (ಫಾಂಟ್) ಪರಿವರ್ತಿಸಿ ತಂದ ಪುಟಗಳಲ್ಲೆಲ್ಲ ಈ ಜೋಡು ಒಕಾರ ಅಡಗಿತ್ತು. ನಿಮ್ಮಲ್ಲಿ ಯಾರಾದರೂ ಇಂತಹ ಕೆಲಸಕ್ಕೆ ಕೈ ಹಾಕುವವರಿದ್ದರೆ ಮೊದಲು ಇದನ್ನು ಸರಿ ಮಾಡಿಕೊಳ್ಳಿ, ಭಾನುವಾರ ಉಳಿಯುತ್ತದೆ.

ಈಗ ನಿಜವಾದ ಜಗಳ. ‘ಕೊಟ್ಟೆ’ ಎಕಾರದಲ್ಲಿ ಮುಗಿಯುವ ಪದ. ಪ್ರತ್ಯಯ ಹತ್ತುವಾಗ ನಡುವೆ ಯಕಾರ ಬರುತ್ತದೆ. ಕೊಟ್ಟೆಯನ್ನು, ಕೊಟ್ಟೆಯಲ್ಲಿ, ಕೊಟ್ಟೆಯಿಂದ. ಕಂಪ್ಯೂಟರು ಮುಂಭಾಗವನ್ನು ಮಾತ್ರ ಬದಲಿಸಿ ‘ಗೊರಬುಯನ್ನು’, ‘ಗೊರಬುಯಲ್ಲಿ’ ಎಂದು ಮಾಡಿಟ್ಟಿದೆ. ಅದು ತಪ್ಪು ಎಂಬುದರಲ್ಲಿ ನಾಲ್ವರಿಗೂ ಒಮ್ಮತ. ಸರಿ ಯಾವುದು ಎಂಬಲ್ಲಿ ಮೂರು ಪಂಗಡ.

ನನ್ನ ಪ್ರಕಾರ ‘ಗೊರಬನ್ನು, ಗೊರಬಿಗೆ, ಗೊರಬಿನಲ್ಲಿ’. ಹೆಸರು ಎಂಬ ಪದವನ್ನೇ ನೋಡಿ: ಹೆಸರನ್ನು, ಹೆಸರಿಗೆ, ಹೆಸರಿನಲ್ಲಿ. ಕೊನೆಯ ಉಕಾರ ಉಚ್ಚಾರಕ್ಕಾಗಿ ಅಂಟಿಕೊಂಡದ್ದು, ಸ್ವರ ಎದುರಾದೊಡನೆ ಬಿದ್ದುಹೋಗುತ್ತದೆ. ನಾಟಿಗೆ ಹೋಗುವ ನಮ್ಮೂರಿನ ಅಜ್ಜಿಯನ್ನು ಕೇಳಿದರೂ ‘ಗೊರಬನ್ನು ಅಟ್ಟಕ್ಕೆ ಹಾಕಿದ್ದೇನೆ’ ಎನ್ನುತ್ತಾರೆಯೇ ಹೊರತು ಗೊರಬುವನ್ನು ಎನ್ನುವುದಿಲ್ಲ.

ಎರಡನೆಯವನ ವಾದ ಇಲ್ಲಿಯೇ ಹುಟ್ಟಿತು. ‘ಅಜ್ಜಿ ಅಟ್ಟಕ್ಕೆ ಹಾಕಿದ್ದು ವಸ್ತು, ನಾವು ಇಟ್ಟದ್ದು ಅಂಕಿತನಾಮ’ ಎಂದ. ಮುತ್ತನ್ನು ಪೋಣಿಸುತ್ತೇವೆ, ಆದರೆ ಮುತ್ತು ಎಂಬ ಹುಡುಗನಿದ್ದರೆ ‘ಮುತ್ತುವನ್ನು ಕರೆಯಿರಿ’ ಎನ್ನುತ್ತೇವೆ. ರಾಜುವನ್ನು, ಬಾಬುವಿಗೆ, ಶೀನುವಿನ. ಅಂಕಿತನಾಮವಾದೊಡನೆ ಉಕಾರ ಗಟ್ಟಿಯಾಗುತ್ತದೆ, ಬೀಳುವುದಿಲ್ಲ. ತಂತ್ರಾಂಶಗಳಲ್ಲಿಯೂ ಇದಕ್ಕೆ ಮೇಲ್ಪಂಕ್ತಿ ಇದೆ: 2004ರಲ್ಲಿ ಮೊದಲ ಆವೃತ್ತಿ ಬಂದ ಉಬುಂಟುವನ್ನು ಕನ್ನಡದಲ್ಲಿ ಬರೆಯುವವರು ಉಬುಂಟುವಿನಲ್ಲಿ ಎಂದು ಬರೆಯುತ್ತಾರೆ, ಉಬುಂಟಿನಲ್ಲಿ ಎಂದರೆ ಎಲ್ಲರೂ ನಕ್ಕಾರು. ಆದ್ದರಿಂದ ‘ಗೊರಬುವನ್ನು, ಗೊರಬುವಿನಲ್ಲಿ’.

ಮುತ್ತಿನ ಉದಾಹರಣೆ ನನ್ನನ್ನು ಒಂದು ದಿನ ಬಾಯಿ ಮುಚ್ಚಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ಮರುದಿನ ಬಸ್ಸಿನ ಹಲಗೆ ನೋಡಿ ಉತ್ತರ ಹೊಳೆಯಿತು. ಊರಿನ ಹೆಸರುಗಳೂ ಅಂಕಿತನಾಮಗಳೇ ತಾನೇ? ಬೆಂಗಳೂರನ್ನು, ಮೈಸೂರಿಗೆ, ಚಿಕ್ಕಮಗಳೂರಿನಲ್ಲಿ. ಅಲ್ಲಿ ಉಕಾರ ಧಾರಾಳವಾಗಿ ಬೀಳುತ್ತದೆ. ಹಾಗಾದರೆ ಅಂಕಿತನಾಮ ಎಂಬ ಒಂದೇ ಕಾರಣ ಸಾಲದು. ಮನುಷ್ಯರ ಹೆಸರಿಗೆ ಒಂದು ನಡೆ, ಊರಿನ ಹೆಸರಿಗೆ ಇನ್ನೊಂದು ನಡೆ. ಉಬುಂಟು ಹೊರಗಿನಿಂದ ಬಂದ ಪದ, ಅದರ ಉಕಾರ ಅದರದೇ ಸ್ವಂತದ್ದು. ಗೊರಬಿನ ಉಕಾರ ಹಾಗಲ್ಲ. ಹಾಗಾಗಿ ನನ್ನ ಮುಖ್ಯ ಪ್ರಶ್ನೆ ಇದು: ವ್ಯಾಕರಣದ ಕಣ್ಣಿನಲ್ಲಿ ತಂತ್ರಾಂಶ ರಾಜುವೋ, ಬೆಂಗಳೂರೋ?

ಮೂರನೆಯವಳಿಗೆ ಈ ಜಗಳವೇ ಬೇಡ. ‘ಗೊರಬು ಅನ್ನು’ ಎಂದು ಬಿಡಿಸಿ ಬರೆಯಿರಿ, ಮುಂದೆ ಇನ್ನೊಮ್ಮೆ ಹೆಸರು ಬದಲಾದರೂ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ, ಹುಡುಕಿದವರಿಗೂ ಸಿಗುತ್ತದೆ ಎನ್ನುತ್ತಾಳೆ. ಪತ್ರಿಕೆಗಳು ‘ಫೇಸ್‌ಬುಕ್ ಅನ್ನು’ ಎಂದು ಬರೆಯುವುದನ್ನು ತೋರಿಸುತ್ತಾಳೆ. ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಹೆಸರಿಗೆ ಅದು ನಡೆಯಬಹುದು. ಅಪ್ಪಟ ಮಲೆನಾಡಿನ ಪದವನ್ನು ಹುಡುಕು ಗುಂಡಿಯ ಅನುಕೂಲಕ್ಕಾಗಿ ಹೀಗೆ ಬಿಡಿಸಿಡುವುದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಅಷ್ಟಕ್ಕೂ ಕಂಪ್ಯೂಟರಿನ ಒಳಗೆ ಬಕಾರ ಮತ್ತು ಅದರ ಉಕಾರದ ಕೊಂಬು ಬೇರೆ ಬೇರೆ ಚಿಹ್ನೆಗಳು. ‘ಗೊರಬ’ ಎಂದು ಹುಡುಕಿದರೆ ಗೊರಬು, ಗೊರಬನ್ನು, ಗೊರಬಿಗೆ, ಗೊರಬೂ ಎಲ್ಲವೂ ಸಿಗುತ್ತವೆ. ನಾಲ್ಕನೆಯವನು ‘ಗೊರಬು ತಂತ್ರಾಂಶವನ್ನು’ ಎಂದು ಎಲ್ಲ ಕಡೆ ಬರೆದು ಜಾರಿಕೊಳ್ಳೋಣ ಎಂದ. ಅವನನ್ನು ನಾನು ಪಂಗಡವೆಂದು ಎಣಿಸಿಲ್ಲ.

ಎರಡನೆಯ ಪ್ರಶ್ನೆ ಚಿಕ್ಕದು. ಆವೃತ್ತಿಯ ಟಿಪ್ಪಣಿಯಲ್ಲಿ ‘ಕೊಟ್ಟೆಯನ್ನು ಗೊರಬು ಎಂದು ಮರುಹೆಸರಿಸಲಾಗಿದೆ’ ಎಂದು ಬರೆದಿದ್ದೆ. ಕಂಪ್ಯೂಟರಿನ ಪಟ್ಟಿಗಳಲ್ಲಿ ‘ಮರುಹೆಸರಿಸು’ ಬಳಕೆಗೆ ಬಂದು ಎಷ್ಟೋ ಕಾಲವಾಯಿತು, ಗುಂಡಿಯ ಮೇಲೆ ಅದು ಇರಲಿ. ಆದರೆ ‘ಹೆಸರಿಸು’ ಎಂದರೆ ಹೆಸರಿಡು ಎಂದೇ? ‘ಕರ್ನಾಟಕದ ಯಾವುದಾದರೂ ಮೂರು ನದಿಗಳನ್ನು ಹೆಸರಿಸಿ’ ಎಂದು ಪರೀಕ್ಷೆಯಲ್ಲಿ ಕೇಳಿದಾಗ ತುಂಗೆಗೆ ಹೊಸ ಹೆಸರಿಟ್ಟು ಬಂದವರು ಯಾರೂ ಇಲ್ಲ. ಆ ಲೆಕ್ಕದಲ್ಲಿ ಮರುಹೆಸರಿಸು ಎಂದರೆ ಇನ್ನೊಮ್ಮೆ ಅದೇ ಹೆಸರನ್ನು ಹೇಳು ಎಂದಾಗುತ್ತದೆ. ಪತ್ರಿಕೆಗಳ ‘ಮರುನಾಮಕರಣ’ಕ್ಕೆ ದ್ವಿತೀಯೆ ಅಲ್ಲ, ಚತುರ್ಥಿ ಬೇಕು: ನಿಲ್ದಾಣಕ್ಕೆ ಮರುನಾಮಕರಣ ಮಾಡಲಾಯಿತು. ಅದರಲ್ಲಿ ತೊಟ್ಟಿಲು, ಕಡಲೆ, ಮಂತ್ರಿಗಳ ಭಾಷಣ ಎಲ್ಲವೂ ಕೇಳಿಸುತ್ತದೆ. ‘ಕೊಟ್ಟೆಯ ಹೆಸರು ಗೊರಬು ಎಂದು ಬದಲಾಗಿದೆ’ ಎಂದರೆ ಸಾಕಲ್ಲವೇ? ಬೇರೆ ಒಳ್ಳೆಯ ಪದ ಇದ್ದರೆ ತಿಳಿಸಿ.

ಮೂರನೆಯದು ಹಳೆಯ ಹೆಸರನ್ನು ಕರೆಯುವ ಬಗೆ. ‘ಮಾಜಿ’ ಎಂದರೆ ಚುನಾವಣೆಯಲ್ಲಿ ಸೋತವರ ನೆನಪಾಗುತ್ತದೆ. ‘ಹಿಂದಿನ ಹೆಸರು’ ಸರಿಯೇ, ಆದರೆ ಹಳೆಯ ಹೆಸರು ಪೂರ್ತಿ ಹೋಗಿಲ್ಲದಿದ್ದರೆ? ನಮ್ಮ ಹಳೆಯ ಬಳಕೆದಾರರ ಮಾಹಿತಿ ಕಡತಗಳಲ್ಲಿ ‘ಕೊಟ್ಟೆ’ ಎಂಬ ತಲೆಬರಹ ಹಾಗೆಯೇ ಇದೆ. ಬದಲಿಸಿದರೆ ಅವರ ಎರಡು ವರ್ಷದ ಮಳೆಯ ಲೆಕ್ಕ ತೆರೆಯುವುದಿಲ್ಲ. ಇದು ನಮ್ಮೊಬ್ಬರ ಪಾಡಲ್ಲ. ಹೆಸರಿನ ಹಕ್ಕಿನ ಬಗ್ಗೆ ಒರಾಕಲ್ ಕಂಪನಿಯ ಜೊತೆ ತಕರಾರಾಗಿ 2011ರಲ್ಲಿ ಹಡ್ಸನ್ ಎಂಬ ತಂತ್ರಾಂಶವನ್ನು ಬೆಳೆಸಿದವರು ಅದನ್ನು ಜೆಂಕಿನ್ಸ್ ಎಂದು ಕರೆದು ಮುಂದುವರಿಸಿದರು. ಅದರ ಜಾವಾ ಪೊಟ್ಟಣಗಳ ಹೆಸರು ಇವತ್ತಿಗೂ ‘ಹಡ್ಸನ್’ ಎಂದೇ ಶುರುವಾಗುತ್ತದೆ, ಏಕೆಂದರೆ ಬದಲಿಸಿದರೆ ಅದನ್ನು ನಂಬಿ ಬರೆದ ಪೂರಕ ಅಂಗಗಳು (ಪ್ಲಗಿನ್) ಮುರಿದುಬೀಳುತ್ತವೆ. ಅದರ ಕೈಪಿಡಿಯಲ್ಲಿ ಕಣ್ಣು ಮುಚ್ಚಿ ಹಡ್ಸನ್ ಅಳಿಸಿದರೆ ಉದಾಹರಣೆಗಳು ಕೆಲಸ ಮಾಡುವುದಿಲ್ಲ. ಲಿಬ್ರೆಆಫೀಸನ್ನು ಆಜ್ಞಾ ಸಾಲಿನಿಂದ ತೆರೆಯುವಾಗ ಈಗಲೂ ಬಳಸುವ ‘ಎಸ್‌ಆಫೀಸ್’ ಕೂಡ ಅದರ ಅಜ್ಜ ಸ್ಟಾರ್‌ಆಫೀಸ್ ಬಿಟ್ಟುಹೋದ ಹೆಸರು. ದೂರ ಏಕೆ, 2014ರ ನವೆಂಬರ್ 1ರಿಂದ ನಮ್ಮ ಜಿಲ್ಲಾ ಕೇಂದ್ರದ ಇಂಗ್ಲಿಷ್ ಕಾಗುಣಿತ ಶಿವಮೊಗ್ಗ ಎಂದಾಯಿತು, ರೈಲು ನಿಲ್ದಾಣದ ಸಂಕೇತ ಮಾತ್ರ ಶಿಮೊಗಾ ಕಾಲದ ‘ಎಸ್‌ಎಂಇಟಿ’ ಆಗಿಯೇ ಉಳಿದಿದೆ. ಕನ್ನಡದಲ್ಲಿ ಬರೆಯುತ್ತಿದ್ದವರಿಗೆ ಆ ದಿನ ಏನೂ ಬದಲಾಗಲಿಲ್ಲ, ಅದೊಂದು ತಮಾಷೆ.

ಹೀಗೆ ಹೊರಗೆ ಒಂದು, ಒಳಗೆ ಒಂದು ಇರುವ ಹೆಸರಿಗೆ ಕನ್ನಡದಲ್ಲಿ ಪದವಿಲ್ಲದೆ ಹೋಗಿಲ್ಲ. ಜಮೀನಿನ ಕಾಗದಗಳಲ್ಲಿ ‘ಯಾನೆ’ ಇದೆ, ‘ಉರುಫ್’ ಇದೆ. ಆದರೆ ಯಾನೆ ಎಂದರೆ ಎರಡು ಹೆಸರೂ ಸಮಸಮ, ಯಾವುದು ಹಳೆಯದು ಎಂದು ತಿಳಿಯುವುದಿಲ್ಲ. ಸನ್ಯಾಸಿಗಳಿಗೆ ‘ಪೂರ್ವಾಶ್ರಮದ ಹೆಸರು’ ಇದೆ. ಅಲ್ಲಿ ತಿರುಗಿ ನೋಡುವಂತಿಲ್ಲ, ಆ ಹೆಸರಿನಿಂದ ಕರೆಯುವುದೇ ಅಪಚಾರ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದ. ಮುಂದೆ ಹೈದರ್ ಉದುರಿ ನಗರ ಉಳಿಯಿತು, ಜನ ಇವತ್ತಿಗೂ ‘ಬಿದನೂರು ನಗರ’ ಎಂದು ಎರಡನ್ನೂ ಒಟ್ಟಿಗೆ ಹೇಳಿ ವ್ಯಾಜ್ಯ ಮುಗಿಸುತ್ತಾರೆ.

ನನಗೆ ಹೊಳೆದದ್ದು ನಮ್ಮ ಅಜ್ಜಿಯಿಂದ. ಮದುವೆಯ ದಿನ ಅವರ ಹೆಸರು ಬದಲಾಗಿತ್ತು. ನಮ್ಮ ಮನೆಯಲ್ಲಿ, ಪಡಿತರ ಚೀಟಿಯಲ್ಲಿ, ಊರಿನವರ ಬಾಯಲ್ಲಿ ಹೊಸ ಹೆಸರೇ. ಅವರ ಅಣ್ಣ ಬಂದರೆ ಮಾತ್ರ ಅಂಗಳದಿಂದಲೇ ಹಳೆಯ ಹೆಸರು ಕೂಗುತ್ತಿದ್ದರು, ಒಳಗಿನಿಂದ ಅಜ್ಜಿ ಓಗೊಡುತ್ತಿದ್ದರು. ಅದಕ್ಕೆ ಮನೆಯಲ್ಲಿ ‘ತವರಿನ ಹೆಸರು’ ಎನ್ನುತ್ತಿದ್ದರು. ಜೆಂಕಿನ್ಸ್‌ಗೆ ಹಡ್ಸನ್ ಏನೋ, ಗೊರಬಿಗೆ ಕೊಟ್ಟೆ ಏನೋ, ಅದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪದ ನನಗೆ ಸಿಕ್ಕಿಲ್ಲ. ‘ಮಾಹಿತಿ ಕಡತದ ತಲೆಬರಹದಲ್ಲಿ ತವರಿನ ಹೆಸರೇ ಇರುತ್ತದೆ, ಬದಲಿಸಬೇಡಿ’ ಎಂದು ಬರೆದೆ. ಮೂರನೆಯವಳು ಓದಿ, ಹೆಂಗಸರ ಹೆಸರನ್ನು ಅವರನ್ನು ಕೇಳದೆ ಬದಲಿಸುತ್ತಿದ್ದ ಪದ್ಧತಿಯನ್ನು ತಾಂತ್ರಿಕ ಕೈಪಿಡಿಯಲ್ಲಿ ಕೂರಿಸಿ ಏಕೆ ಮೆರೆಸುತ್ತೀಯ ಎಂದು ಕೇಳಿದಳು. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಪದವನ್ನು ಬಿಡಲು ಮನಸ್ಸೂ ಇಲ್ಲ. ಬೇರೆ ಸೀಮೆಗಳಲ್ಲಿ ಇದಕ್ಕೆ ಏನೆನ್ನುತ್ತಾರೆ? ಅಡ್ಡಹೆಸರು, ಮನೆಹೆಸರು ಎನ್ನಬೇಡಿ, ಅವು ಬೇರೆ.

ಮುಂಗಾರಿಗೆ ಮುಂಚಿನ ಮೊದಲ ಸಿಂಪಡಣೆಯ ಹೊತ್ತಿಗೆ ಹೊಸ ಆವೃತ್ತಿ ಬಿಡಬೇಕು. ಅಷ್ಟರೊಳಗೆ ರಾಜುವೋ ಬೆಂಗಳೂರೋ ಎಂಬುದನ್ನಾದರೂ ತೀರ್ಮಾನಿಸಿ ಹೇಳಿ. ಅಲ್ಲಿಯವರೆಗೆ ಕೈಪಿಡಿಯ ನಾಲ್ಕನೆಯ ಅಧ್ಯಾಯದಲ್ಲಿ ‘ಗೊರಬುಯನ್ನು’ ಹಾಗೆಯೇ ಇರುತ್ತದೆ.