ಪಾಲಿಕೆ, ನಗರಸಭೆ ಚುನಾವಣೆ: ಚಿಹ್ನೆ ಸಿಕ್ಕ ಮೇಲೆ ಉಳಿಯುವ ಒಂದು ವಾರದಲ್ಲಿ ಇಡೀ ವಾರ್ಡ್ ತಲುಪುವುದು ಹೇಗೆ?

ಶೆಟ್ಟಿಹಳ್ಳಿ ವಾಸಿ (ತುಮಕೂರು):

2018ರ ಆಗಸ್ಟ್ 31ರಂದು ತುಮಕೂರು ಮಹಾನಗರ ಪಾಲಿಕೆಗೆ ಮತದಾನ ನಡೆದಾಗ 35 ವಾರ್ಡ್‌ಗಳಲ್ಲಿ ಬಿಜೆಪಿಗೆ 12, ಕಾಂಗ್ರೆಸ್‌ಗೆ 10, ಜೆಡಿಎಸ್‌ಗೆ 10 ಬಂದವು, 3 ಪಕ್ಷೇತರರ ಪಾಲಾದವು. ಯಾರಿಗೂ ಬಹುಮತ ಇರಲಿಲ್ಲ. ಪೈಪೋಟಿ ಇಷ್ಟು ಬಿಗಿಯಾಗಿರುವಾಗ ಪಕ್ಷದವರು ಮತದಾರರನ್ನು ನಿಜವಾಗಿ ತಲುಪುವುದು ಯಾವ ಕೆಲಸದಿಂದ? ಮುಂದಿನ ಸಲ ನಮ್ಮ ವಾರ್ಡಿನ ಬೂತ್ ಕೆಲಸ ನೋಡಿಕೊಳ್ಳಲು ನಾವು ಕೆಲವರು ಒಪ್ಪಿದ್ದೇವೆ. ಪಾದಯಾತ್ರೆ, ಆಟೋದಲ್ಲಿ ಮೈಕು ಎಲ್ಲರೂ ಮಾಡುತ್ತಾರೆ. ಅದರಾಚೆ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ? ವಿಧಾನಸಭೆ ಚುನಾವಣೆಯಲ್ಲಿ ಮಾಡಿದ ಪೇಜ್ ಪಟ್ಟಿ (ಮತದಾರರ ಪಟ್ಟಿಯನ್ನು ಪುಟವಾರು ಕಾರ್ಯಕರ್ತರಿಗೆ ಹಂಚಿದ್ದು) ಇದೆ, ಅದನ್ನೇ ಇಟ್ಟುಕೊಂಡು ಹೊರಡಬಹುದಾ?

ಬೂತ್ ಲೆಕ್ಕ (ತುಮಕೂರು):

ಆ ಪಟ್ಟಿ ಇಟ್ಟುಕೊಂಡು ಹೊರಡಬೇಡಿ. ಎಡವುವುದು ಅಲ್ಲಿಂದಲೇ ಶುರು. ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ ಪಟ್ಟಿಯಲ್ಲಿರುವ ಹೆಸರುಗಳನ್ನೇ ತೆಗೆದುಕೊಂಡರೂ ಅವನ್ನು ವಾರ್ಡ್‌ವಾರು ಬಿಡಿಸಿ ಮತ್ತೆ ಜೋಡಿಸುತ್ತಾರೆ. ಕ್ರಮಸಂಖ್ಯೆ ಬದಲಾಗುತ್ತದೆ, ಎಷ್ಟೋ ಕಡೆ ಮತಗಟ್ಟೆಯೂ ಬದಲಾಗುತ್ತದೆ. ಹಳೇ ಸಂಖ್ಯೆ ಬರೆದ ಚೀಟಿ ಹಂಚಿದರೆ ಮತದಾನದ ದಿನ ವಯಸ್ಸಾದವರು ತಪ್ಪು ಶಾಲೆಯ ಮುಂದೆ ನಿಂತು, ಕೊನೆಗೆ ಮನೆಗೆ ಹೋಗುತ್ತಾರೆ. ಅವರು ಮತ್ತೆ ಬರುವುದಿಲ್ಲ.

ವಾರ್ಡಿನ ಕರಡು ಪಟ್ಟಿ ಪ್ರಕಟವಾದ ದಿನವೇ ಪ್ರತಿ ತೆಗೆದುಕೊಳ್ಳಿ. ಮೊದಲು ನೋಡಬೇಕಾದದ್ದು ವಾರ್ಡಿನ ಗಡಿ ಬೀದಿಗಳು. ರಸ್ತೆಯ ಒಂದು ಬದಿ ನಿಮ್ಮ ವಾರ್ಡು, ಇನ್ನೊಂದು ಬದಿ ಪಕ್ಕದ್ದು ಎನ್ನುವ ಕಡೆ ಇಡೀ ಸಾಲು ಮನೆಗಳ ಹೆಸರು ಆಚೆ ಸೇರಿರುತ್ತವೆ. ಆಕ್ಷೇಪಣೆಗೆ ಕೊಡುವ ಅವಧಿ ಚಿಕ್ಕದು. ಅದು ಮುಗಿದರೆ ಆ ಮನೆಯವರ ಮತ ಪಕ್ಕದ ವಾರ್ಡಿನಲ್ಲೇ.

ಈಗ ಲೆಕ್ಕಕ್ಕೆ ಬನ್ನಿ. ವಾರ್ಡಿನಲ್ಲಿ 6,000 ಮತದಾರರು ಎಂದಿಟ್ಟುಕೊಳ್ಳಿ. ಪುಟಕ್ಕೆ 30 ಹೆಸರಿನಂತೆ 200 ಪುಟ. ಮನೆಗೆ ಮೂರೂವರೆ ಮತ ಹಿಡಿದರೆ ಸುಮಾರು 1,700 ಮನೆ. ನಾಲ್ಕು ಜನರ ಒಂದು ತಂಡ ಸಂಜೆ 5ರಿಂದ 8.30ರವರೆಗೆ ಹೋದರೆ 80 ಮನೆ ಮುಗಿಸಬಹುದು, ಅದಕ್ಕಿಂತ ಹೆಚ್ಚಾದರೆ ಅದು ಬರೀ ಕರಪತ್ರ ಎಸೆಯುವ ಕೆಲಸ. ಅಂದರೆ ಮೂರು ತಂಡಕ್ಕೆ ಏಳು ಸಂಜೆ. ನಾಮಪತ್ರ ವಾಪಸಾತಿ ಮುಗಿದು ಕಣದಲ್ಲಿ ಉಳಿದವರ ಪಟ್ಟಿ ಖಚಿತವಾದ ಮೇಲೆ ಮತದಾನಕ್ಕೆ ಉಳಿಯುವುದೇ ಒಂದು ವಾರದ ಆಸುಪಾಸು. ಹಾಗಾಗಿ ಅಭ್ಯರ್ಥಿ ಜೊತೆ ಸಿಗುವುದು ಒಂದೇ ಸುತ್ತು. ಮೊದಲ ಸುತ್ತು ಬಿ ಫಾರಂಗೆ (ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಅಧಿಕೃತ ಪತ್ರ) ಮುಂಚೆಯೇ, ಅಭ್ಯರ್ಥಿಯ ಹೆಸರಿಲ್ಲದೆ, ಪಟ್ಟಿ ಹಿಡಿದು ನಡೆದಿರಬೇಕು: ಯಾರು ಮನೆ ಬಿಟ್ಟಿದ್ದಾರೆ, ಯಾರು ತೀರಿಕೊಂಡಿದ್ದಾರೆ, ಮದುವೆಯಾಗಿ ಹೋದವರು ಯಾರು, ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಯಾರು.

ವಾರ್ಡಿನ ಮೀಸಲಾತಿ ಪಟ್ಟಿ ಬರುವ ತನಕ ಅಭ್ಯರ್ಥಿ ಯಾರೆಂದು ಗೊತ್ತಾಗುವುದಿಲ್ಲ, ಆಮೇಲೆ ನೋಡೋಣ ಎಂದು ಎಷ್ಟೋ ಕಡೆ ಕಾಯುತ್ತಾರೆ. ಈ ಕೆಲಸಕ್ಕೆ ಅಭ್ಯರ್ಥಿ ಬೇಕಾಗಿಲ್ಲ.

ಕೋಲಾರದ ಗೌರಿ:

ಮೇಲಿನದಕ್ಕೆ ನನ್ನ ಸಹಮತ ಇದೆ. ಮನೆ ಬಾಗಿಲಲ್ಲಿ ಏನು ಮಾತಾಡಬೇಕು ಅನ್ನುವುದನ್ನು ಸೇರಿಸುತ್ತೇನೆ.

ನಮ್ಮ ಕಡೆ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇವೆ, ಕೆಜಿಎಫ್ ಕಡೆ ತಮಿಳು. ಕನ್ನಡ ಓದಲು ಬಾರದ ಮನೆಗೆ ಕನ್ನಡದ ಕರಪತ್ರ ಕೊಟ್ಟು ಬಂದರೆ ಕೊಟ್ಟಂತಲ್ಲ. ಪ್ರತಿ ತಂಡದಲ್ಲೂ ಆ ಬೀದಿಯ ಭಾಷೆ ಮಾತಾಡುವವರು ಒಬ್ಬರು, ಮಹಿಳೆ ಒಬ್ಬರು ಇರಲೇಬೇಕು. ಸಂಜೆ ಬಾಗಿಲು ತೆರೆಯುವುದು ಹೆಚ್ಚಾಗಿ ಹೆಂಗಸರು. ನಾಲ್ಕು ಜನ ಗಂಡಸರು ಶಾಲು ಹಾಕಿಕೊಂಡು ನಿಂತರೆ "ಆಯ್ತಣ್ಣ, ಹಾಕ್ತೀವಿ" ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಮಾತನ್ನು ನಮ್ಮ ಮತ ಎಂದು ಬರೆದುಕೊಳ್ಳುವುದು ದೊಡ್ಡ ತಪ್ಪು.

"ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತಿಗೆ?" ಎಂದು ಕೇಳಿ, ಮನೆ ಸಂಖ್ಯೆ ಎದುರು ಉತ್ತರ ಬರೆದುಕೊಳ್ಳಿ. ಕಸದ ಆಟೋ, ಬೀದಿ ದೀಪ, ಯುಜಿಡಿ (ಒಳಚರಂಡಿ), ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಕೂಡ ಹಾಗೆಯೇ. ಅಭ್ಯರ್ಥಿ ಎರಡನೇ ಸುತ್ತಿಗೆ ಬರುವಾಗ ಆ ಬೀದಿಯ ಸಮಸ್ಯೆ ಅವರ ಬಾಯಲ್ಲಿರಬೇಕು. ಭರವಸೆಯನ್ನು ಸದಸ್ಯರ ಕೈಲಾಗುವಷ್ಟಕ್ಕೆ ನಿಲ್ಲಿಸಿ. ತುಮಕೂರಿಗೆ ಹೇಮಾವತಿ ಎಷ್ಟು ಬರಬೇಕು, ಕೋಲಾರಕ್ಕೆ ಯರಗೋಳ್ ಅಣೆಕಟ್ಟೆಯ ನೀರು ಎಷ್ಟು ಎನ್ನುವುದು ಒಬ್ಬ ವಾರ್ಡ್ ಸದಸ್ಯರ ಕೈಯಲ್ಲಿಲ್ಲ. ಬಂದ ನೀರು ಯಾವ ಬೀದಿಗೆ ಯಾವ ಹೊತ್ತಿಗೆ ಬಿಡಬೇಕು ಎನ್ನುವುದರಲ್ಲಿ ಅವರ ಮಾತು ನಡೆಯುತ್ತದೆ.

ಮಹಿಳಾ ಮೀಸಲು ವಾರ್ಡಿನಲ್ಲಿ ಕರಪತ್ರದ ತುಂಬ ಗಂಡನ ಫೋಟೊ, ಅಭ್ಯರ್ಥಿಯದು ಮೂಲೆಯಲ್ಲಿ. ಇದನ್ನು ದಯವಿಟ್ಟು ಬಿಡಿ. ಸ್ತ್ರೀಶಕ್ತಿ ಸಂಘದವರ ಜೊತೆ ಮಾತಾಡಲು ಅಭ್ಯರ್ಥಿಯೇ ಕೂರಬೇಕು, ಪ್ರಶ್ನೆಗೆ ಅವರೇ ಉತ್ತರಿಸಬೇಕು. ಐದು ವರ್ಷ ಸಭೆಯಲ್ಲಿ ಕೂರುವವರು ಅವರು.

ಶೆಟ್ಟಿಹಳ್ಳಿ ವಾಸಿ:

ಇಬ್ಬರಿಗೂ ಧನ್ಯವಾದ. ಕೊನೆಯ ಎರಡು ರಾತ್ರಿ ಎದುರಿನವರು ದುಡ್ಡು, ಕೂಪನ್ ಹಂಚಿದರೆ ಏನು ಮಾಡುವುದು? ನಾವೂ ಹಂಚಲಿಲ್ಲ ಅಂದರೆ ಸೋಲುತ್ತೇವೆ ಎಂದು ನಮ್ಮವರೇ ಹೇಳುತ್ತಿದ್ದಾರೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):

ಹಂಚಬೇಡಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 170ರ ಪ್ರಕಾರ ಮತಕ್ಕಾಗಿ ಕೊಡುವುದೂ ಪಡೆಯುವುದೂ ಲಂಚವೇ, ಕಲಂ 173ರಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಇದೆ. ಹಂಚಿದವರೆಲ್ಲ ಗೆಲ್ಲುವುದೂ ಇಲ್ಲ. ಮೂರೂ ಕಡೆಯವರು ಕೊಟ್ಟ ಬೀದಿಯಲ್ಲಿ ಮೂವರ ದುಡ್ಡಿಗೂ ಬೆಲೆ ಇಲ್ಲ, ಮತ ಬೇರೆ ಕಾರಣಕ್ಕೆ ಬೀಳುತ್ತದೆ. ಎದುರಿನವರು ಹಂಚುವುದು ಕಂಡರೆ ಸ್ಥಳ, ಸಮಯ, ವಿಡಿಯೊ ಸಮೇತ ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ದೂರು ಆಗುವುದಿಲ್ಲ, ಜಗಳ ಆಗುತ್ತದೆ.

ವೆಚ್ಚದ ಮಿತಿಯನ್ನೂ ನೋಡಿ. 2018ರಲ್ಲಿ ಪಾಲಿಕೆ ಅಭ್ಯರ್ಥಿಗೆ 3 ಲಕ್ಷ ರೂಪಾಯಿ, ನಗರಸಭೆಗೆ 2 ಲಕ್ಷ ಇತ್ತು. ಈ ಸಲದ ಮಿತಿಯನ್ನು ಆಯೋಗದ ಆದೇಶದಲ್ಲಿ ಓದಿಕೊಳ್ಳಿ. ಲೆಕ್ಕ ತಪ್ಪುವುದು ದೊಡ್ಡ ಬಿಲ್ಲುಗಳಲ್ಲಲ್ಲ, ಕಾರ್ಯಕರ್ತರ ತಿಂಡಿ, ಟೀ, ಪೆಟ್ರೋಲಿನಲ್ಲಿ. ದಿನದ ಖರ್ಚು ಆ ರಾತ್ರಿಯೇ ಒಬ್ಬರೇ ಬರೆಯಬೇಕು. ಕರಪತ್ರದ ಕೆಳಗೆ ಮುದ್ರಕರ, ಪ್ರಕಾಶಕರ ಹೆಸರು, ಪ್ರತಿಗಳ ಸಂಖ್ಯೆ ಹಾಕಿಸಿ. ಗೋಡೆಗೆ ಅಂಟಿಸಲೇಬೇಡಿ, ಅದನ್ನು ತಡೆಯಲು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ. ಮೈಕಿಗೆ ಅನುಮತಿ ಪತ್ರ ಆಟೋದಲ್ಲೇ ಇರಲಿ, ರಾತ್ರಿ 10ರ ಮೇಲೆ ಬಂದ್.

ಬೂತ್ ಲೆಕ್ಕ (ತುಮಕೂರು):

ಮತದಾನದ ದಿನಕ್ಕೆ ಒಂದಿಷ್ಟು. ನೀವು ಹಂಚುವ ಚೀಟಿ ಬಿಳಿ ಕಾಗದದ್ದಾಗಿರಲಿ: ಹೆಸರು, ಕ್ರಮಸಂಖ್ಯೆ, ಮತಗಟ್ಟೆ, ಕೊಠಡಿ ಇಷ್ಟೇ. ಚಿಹ್ನೆ ಇದ್ದರೆ ಮತಗಟ್ಟೆಯಲ್ಲಿ ತಕರಾರು. ಹಿಂಬದಿಯಲ್ಲಿ ಕೈಬರಹದಲ್ಲಿ "ಹಳೇ ಶಾಲೆ ಅಲ್ಲ, ಹೊಸ ಶಾಲೆ" ಎಂಬಂಥ ಗುರುತು ಬರೆದರೆ ವಯಸ್ಸಾದವರಿಗೆ ಅನುಕೂಲ.

6,000ದಲ್ಲಿ ಶೇ 60 ಬಿದ್ದರೆ 3,600. ನಾಲ್ಕು ಜನ ಗಟ್ಟಿ ಅಭ್ಯರ್ಥಿಗಳಿದ್ದರೆ 1,300–1,400ಕ್ಕೆ ಗೆಲುವು ಸಾಧ್ಯ. ಆದ್ದರಿಂದ ಖಚಿತವಾಗಿ ನಿಮ್ಮವರು ಎನ್ನುವ ಹೆಸರುಗಳು ಮತಗಟ್ಟೆಯ ಹೊರಗಿನ ನಿಮ್ಮ ಕಾರ್ಯಕರ್ತರ ಪ್ರತಿಯಲ್ಲಿ ಗುರುತಾಗಿರಬೇಕು. ಯಾರು ಬಂದರು ಎಂದು ಅವರೇ ಟಿಕ್ ಹಾಕುತ್ತಾ ಹೋಗಲಿ. 11 ಗಂಟೆಗೆ, 2 ಗಂಟೆಗೆ ಆ ಗುರುತು ನೋಡಿ, ಬಾರದವರ ಮನೆಗೆ ಆ ಬೀದಿಯ ಕಾರ್ಯಕರ್ತರನ್ನೇ ಕಳಿಸಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಹಿಂದಿನ ರಾತ್ರಿಯೇ ಫೋನು ಮಾಡಿ, ಬೆಳಿಗ್ಗೆ 7ಕ್ಕೆ ಸಾಲಿನಲ್ಲಿ ನಿಲ್ಲಲು ಹೇಳಿ. ಮಧ್ಯಾಹ್ನ 3ರ ಮೇಲೆ ನೆನಪಿಸಿದರೆ ಅವರು ಆಗಲೇ ಊರು ಬಿಟ್ಟಿರುತ್ತಾರೆ.